ಕೊಟ್ಟಿಗೆ ಗೊಬ್ಬರ

ದನಗಳ ಸಗಣಿ, ಗಂಜಲ, ಕೊಟ್ಟಿಗೆಯಲ್ಲಿ ಹಾಸಿದ ಸೊಪ್ಪು, ತಿಂದು ಬಿಟ್ಟ ಮೇವು ಒಟ್ಟಿಗೆ ಕೊಳೆತು ಆಗುವ ಸಾವಯವ ಗೊಬ್ಬರ. ಬಯಲುಸೀಮೆಯಲ್ಲಿ ತಿಪ್ಪೆ ಗೊಬ್ಬರವೆಂದೂ ಹೇಳುತ್ತಾರೆ. ಮಲೆನಾಡಿನಲ್ಲಿ ಹಾಸುವ ಸೊಪ್ಪಿನ ಪಾಲು ಹೆಚ್ಚು. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಸೊಪ್ಪು, ದರಕು (ತರಗೆಲೆ) ತರುವುದಕ್ಕೆಂದೇ ಸೊಪ್ಪಿನ ಬೆಟ್ಟಗಳಿವೆ.

ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5, ರಂಜಕ ಶೇ 0.2, ಪೊಟ್ಯಾಷ್ ಶೇ 0.5 ಇರುತ್ತದೆ. ಯೂರಿಯದಲ್ಲಿ ಸಾರಜನಕವೇ ಶೇ 46. ಲೆಕ್ಕಕ್ಕೆ 10 ಟನ್ ಗೊಬ್ಬರದ ಸಾರಜನಕ ಸುಮಾರು 109 ಕಿಲೋ ಯೂರಿಯದ್ದಕ್ಕೆ ಸಮ; ಅದೂ ಮೊದಲ ಬೆಳೆಗೆ ಪೂರ್ತಿ ಸಿಗದೆ ಕೆಲವು ವರ್ಷ ಹಂಚಿಕೊಂಡು ಬರುತ್ತದೆ. ಆದರೆ ಈ ತೂಗಾಟದಲ್ಲಿ ಗೊಬ್ಬರದ ಮುಖ್ಯ ಗುಣವೇ ಬಿಟ್ಟುಹೋಗುತ್ತದೆ. ಮಣ್ಣಿಗೆ ಸೇರಿದ ಸಾವಯವ ಅಂಶ ನೀರು ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಸತು ಮೊದಲಾದ ಲಘು ಪೋಷಕಾಂಶಗಳನ್ನೂ ಒದಗಿಸುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಮ್ಮಣ್ಣಿನಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ನಡೆದಿರುವ ಪ್ರಯೋಗ ಇದನ್ನೇ ತೋರಿಸಿದೆ. ಬರೀ ರಸಗೊಬ್ಬರ ಕಂಡ ತಾಕುಗಳಲ್ಲಿ ವರ್ಷ ಕಳೆದಂತೆ ಇಳುವರಿ ಕುಗ್ಗಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರ ಕೊಟ್ಟಲ್ಲಿ ಅತಿ ಹೆಚ್ಚು ಬೆಳೆ ಬಂತು. ಸಾರಜನಕ ಒಂದನ್ನೇ ಸುರಿಯುತ್ತ ಹೋದರೆ ಇಂಥ ಮಣ್ಣು ಹುಳಿಯಾಗುತ್ತದೆ, ಆಗ ಸುಣ್ಣ ಹಾಕದೆ ಗತಿಯಿಲ್ಲ. ಗೊಬ್ಬರವೋ ರಸಗೊಬ್ಬರವೋ ಎಂಬ ಜಗಳಕ್ಕೆ ಹೊಲದಲ್ಲಿ ಅರ್ಥವಿಲ್ಲ. ಒಂದು ಮಣ್ಣನ್ನು ಸಾಕುತ್ತದೆ, ಇನ್ನೊಂದು ಆ ವರ್ಷದ ಪೈರಿನ ಕೊರತೆ ತುಂಬುತ್ತದೆ.

ಗೊಬ್ಬರದ ಸಾರದ ನಷ್ಟ ಶುರುವಾಗುವುದು ಕೊಟ್ಟಿಗೆಯಲ್ಲೇ. ದನ ಹೊರಹಾಕುವ ಸಾರಜನಕದ ಅರ್ಧದಷ್ಟು, ಪೊಟ್ಯಾಷಿನ ಬಹುಪಾಲು ಇರುವುದು ಗಂಜಲದಲ್ಲಿ. ಸಗಣಿಯನ್ನು ಜೋಪಾನವಾಗಿ ಬಾಚಿ ಗಂಜಲವನ್ನು ನೆಲಕ್ಕೆ ಇಂಗಲು ಬಿಟ್ಟರೆ ಸಾರ ಹೋದಂತೆಯೇ. ಒಣ ಮಣ್ಣು, ತರಗೆಲೆ, ರಾಗಿ ಹುಲ್ಲಿನ ಕಸ ಹಾಸಿದರೆ ಅದು ಗಂಜಲ ಹೀರಿಕೊಳ್ಳುತ್ತದೆ. ಬಯಲಲ್ಲಿ ಗುಡ್ಡೆ ಹಾಕಿದ ತಿಪ್ಪೆಯಿಂದ ಬಿಸಿಲಿಗೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ಮಳೆಗೆ ಕಂದು ರಸವಾಗಿ ಹರಿದುಹೋಗುತ್ತದೆ. ಆದ್ದರಿಂದ ನೆರಳಿನಲ್ಲಿ ಗುಂಡಿ ತೋಡಿ, ತುಂಬಿದ ಮೇಲೆ ಮಣ್ಣು ಸಗಣಿಯಿಂದ ಮೆತ್ತುವುದು ಒಳ್ಳೆಯದು. ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದ, ಊರ ಕಸ ಮತ್ತು ಮಲವನ್ನು ಪದರ ಪದರವಾಗಿ ಹಾಕಿ ಮುಚ್ಚುವ ‘ಬೆಂಗಳೂರು ಕಾಂಪೋಸ್ಟ್’ ವಿಧಾನವೂ ಗಾಳಿಯಾಡದಂತೆ ಮುಚ್ಚಿ ಸಾರಜನಕ ಉಳಿಸುವಂಥದ್ದೇ.

ಹೊಲಕ್ಕೆ ಗಾಡಿಯಲ್ಲಿ ಹೊಡೆದ ಗೊಬ್ಬರವನ್ನು ಸಣ್ಣ ಸಣ್ಣ ಗುಪ್ಪೆಯಾಗಿ ವಾರಗಟ್ಟಲೆ ಒಣಗಿಸುವ ರೂಢಿ ಇನ್ನೂ ಕಾಣುತ್ತದೆ. ಹರಡಿದ ದಿನವೇ ಉಳುವುದು ಸರಿ. ಬಿತ್ತನೆಗೆ ಎರಡು ಮೂರು ವಾರ ಮುಂಚೆ ಇದು ಆಗಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳುವಿನ ಕಾಟ, ಕಳೆ ಬೀಜಗಳ ಹಾವಳಿ.

ದನ ಕಡಿಮೆಯಾದ ಊರುಗಳಲ್ಲಿ ಸೆಣಬು, ಡಯಾಂಚ ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚುತ್ತಾರೆ, ಕೆರೆಗೋಡು ಹೊಡೆಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿ ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವುದುಂಟು. ಅಲ್ಲಿ ಹಿಕ್ಕೆಯ ಜೊತೆಗೆ ಗಂಜಲವೂ ನೇರ ಹೊಲಕ್ಕೇ ಬೀಳುತ್ತದೆ.