ಮಡಕೆಯೊಳಗಿನ ಇನ್ಸುಲಿನ್

ಇವತ್ತಿನ ಎಪಿಸೋಡ್ ಶುರುವಾಗೋದು ಕುರುಗೋಡಿನ ಒಂದು ಅಡುಗೆಮನೆಯಲ್ಲಿ. ನಮ್ಮ ದೊಡ್ಡಮ್ಮನ ಮಗಳಿಗೆ ಹನ್ನೊಂದನೇ ವಯಸ್ಸಿಗೆ ಟೈಪ್ 1 ಡಯಾಬಿಟಿಸ್ ಬಂತು. ಸಿಹಿ ತಿಂದು ಬರೋ ಕಾಯಿಲೆ ಅಲ್ಲ ಇದು. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವೇ ನಾಶ ಮಾಡಿಬಿಡುತ್ತೆ. ಹೊರಗಿನಿಂದ ಕೊಡದಿದ್ರೆ ಬದುಕೋಕಾಗಲ್ಲ. ದೊಡ್ಡಮ್ಮ ಇನ್ಸುಲಿನ್ ಬಾಟಲಿಯನ್ನ ಡಬ್ಬಿಗೆ ಹಾಕಿ, ಒದ್ದೆ ಮರಳಿನ ಮಧ್ಯೆ ಕೂರಿಸಿದ ಮಡಕೆಯಲ್ಲಿ ಇಡ್ತಿದ್ರು. ಬಿ.ಕಾಂ. ಓದ್ತಿದ್ದ ನಾನು ನಕ್ಕೆ. "ನಗಬ್ಯಾಡಪ್ಪ. ಫ್ರಿಜ್ ಐತಿ, ಕರೆಂಟ್ ಇರಬೇಕಲ್ಲ?" ಅಂದ್ರು.

ಇನ್ಸುಲಿನ್‌ನ ಕಥೆ ನಿಮಗೆ ಗೊತ್ತಿರಬಹುದು. 1922ರ ಜನವರಿ 11, ಟೊರಾಂಟೊ, 14 ವರ್ಷದ ಲಿಯೊನಾರ್ಡ್ ಥಾಮ್ಸನ್. ಮೊದಲ ಇಂಜೆಕ್ಷನ್ ಫೇಲ್. ಔಷಧವನ್ನು ಶುದ್ಧ ಮಾಡಿ 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಜೀವ ಉಳಿಸೋ ಔಷಧ ಸಿಕ್ತು, ಆದರೆ ಎಷ್ಟು ಕೊಡಬೇಕು ಅಂತ ಮನೆಯಲ್ಲೇ ಅಳೆಯೋಕೆ ಮುಂದೆ ದಶಕಗಳ ಕಾಲ ಮೂತ್ರ ಪರೀಕ್ಷೆಯೇ ಗತಿ.

ಬಳ್ಳಾರಿಗೆ ಮೆಡಿಕಲ್ ಕಾಲೇಜು, ಅಂದ್ರೆ ನಾವು ವಿಮ್ಸ್ ಅನ್ನೋದು, ಬಂದಿದ್ದು 1961ರಲ್ಲಿ. ಅದಾದ ಎರಡೇ ವರ್ಷಕ್ಕೆ ಅಮೆರಿಕದಲ್ಲಿ ಆರ್ನಾಲ್ಡ್ ಕಾಡಿಶ್ ಇನ್ಸುಲಿನ್ ಪಂಪ್ ಮಾಡಿದರು. ಬೆನ್ನಿಗೆ ಹೊರಬೇಕಾದ ಬ್ಯಾಗಿನಷ್ಟು ದೊಡ್ಡದು!

ನನಗೆ ತುಂಬಾ ಇಷ್ಟವಾದವರು ರಿಚರ್ಡ್ ಬರ್ನ್‌ಸ್ಟೀನ್. ಇಂಜಿನಿಯರ್, ಅವರಿಗೂ ಟೈಪ್ 1. 1969ರಲ್ಲಿ ರಕ್ತದ ಸಕ್ಕರೆ ಅಳೆಯುವ ಮೀಟರ್‌ನ ಜಾಹೀರಾತು ನೋಡಿದರು. ಆದರೆ ಅದನ್ನು ಮಾರುತ್ತಿದ್ದದ್ದು ಡಾಕ್ಟರು, ಆಸ್ಪತ್ರೆಗಳಿಗೆ ಮಾತ್ರ. ಹೆಂಡತಿ ಡಾಕ್ಟರ್ ಆಗಿದ್ದರಿಂದ ಆಕೆಯ ಹೆಸರಲ್ಲಿ ತರಿಸಿದರು. ಬೆಲೆ 650 ಡಾಲರ್. ದಿನಕ್ಕೆ ಹಲವು ಸಲ ತಾವೇ ಪರೀಕ್ಷೆ ಮಾಡಿಕೊಂಡು, ಕಂಡಿದ್ದನ್ನ ಬರೆದು ಕಳಿಸಿದರೆ ವೈದ್ಯ ಪತ್ರಿಕೆಗಳು ತಗೊಳ್ಳಲಿಲ್ಲ. ಹಾಗಾದ್ರೆ ನಾನೇ ಡಾಕ್ಟರ್ ಆಗ್ತೀನಿ ಅಂತ 45ನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿದರು.

ಅವರ ಲೆಕ್ಕ ಸರಿ ಅಂತ ತೋರಿಸಿದ್ದು ಡಿಸಿಸಿಟಿ ಅಧ್ಯಯನ. 1983ರಿಂದ 1993ರವರೆಗೆ ಅಮೆರಿಕ, ಕೆನಡಾದ 1,441 ಜನ. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಶುರುವಾಗೋ ಅಪಾಯ ಶೇ. 76ರಷ್ಟು ಇಳಿಯಿತು. ಆದರೆ ಸಕ್ಕರೆ ತೀರಾ ಕುಸಿದು ಅಪಾಯಕ್ಕೆ ಸಿಲುಕೋದು ಸುಮಾರು ಮೂರು ಪಟ್ಟು ಹೆಚ್ಚಿತು. ಮುಂದಿನ ಎಲ್ಲ ಯಂತ್ರಗಳೂ ಈ ಭಯದ ಸುತ್ತಲೇ ಹುಟ್ಟಿದವು ಅಂತ ನನಗನಿಸುತ್ತೆ. 2016ರಲ್ಲಿ 124 ಜನರ ಮೇಲೆ ಮೂರು ತಿಂಗಳು ಪರೀಕ್ಷಿಸಿ ಒಪ್ಪಿಗೆ ಪಡೆದ ಪಂಪ್, ಸೆನ್ಸಾರ್ ಹೇಳಿದ್ದನ್ನ ನೋಡಿ ಇನ್ಸುಲಿನ್ ಪ್ರಮಾಣವನ್ನ ತಾನೇ ಹೆಚ್ಚು ಕಮ್ಮಿ ಮಾಡ್ತಿತ್ತು. ಊಟದ ಲೆಕ್ಕ ಮಾತ್ರ ಆಗಲೂ ಮನುಷ್ಯರೇ ಹಾಕಬೇಕು.

ಇಲ್ಲಿ ನನ್ನ ಕಾಮರ್ಸ್ ತಲೆ ಓಡುತ್ತೆ. 14 ದಿನ ಬರೋ ಸೆನ್ಸಾರ್ ಅಂದ್ರೆ ವರ್ಷಕ್ಕೆ 26 ಬೇಕು, ಒಂದೊಂದಕ್ಕೂ ಸಾವಿರಾರು ರೂಪಾಯಿ. ಸಿರುಗುಪ್ಪದಲ್ಲಿ ಭತ್ತ ಮಾರಿದ ದುಡ್ಡಿನ ಮೇಲೆ ನಡೆಯೋ ಮನೆ ಇದನ್ನ ಎಲ್ಲಿಂದ ತರುತ್ತೆ? ನಮ್ಮ ಹುಡುಗಿ ಇವತ್ತಿಗೂ ಬೆರಳು ಚುಚ್ಚಿಯೇ ನೋಡೋದು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇಲ್ಲಿಯೇ ತಯಾರಿಸಿದ ಇನ್ಸುಲಿನ್ ತಂತು, ಸರಿ. ಅದನ್ನ ಬಳ್ಳಾರಿ ಬಿಸಿಲಲ್ಲಿ ಕಾಪಾಡೋದು ಹೇಗೆ?

ಉತ್ತರ ಬಂದಿದ್ದು ಕೆನ್ಯಾದಿಂದ. ದಾದಾಬ್‌ನ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ತಾಪಮಾನ 25ರಿಂದ 37 ಡಿಗ್ರಿ ನಡುವೆ ಏರಿಳಿಯೋದನ್ನ ಅಳೆದು, ಅದೇ ಬಿಸಿಯಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ನಾಲ್ಕು ವಾರ ಇನ್ಸುಲಿನ್ ಇಟ್ಟು ನೋಡಿದರು. ಶಿಬಿರದಲ್ಲಿ ಕೆಲಸ ಮಾಡೋ ವೈದ್ಯರ ಸಂಸ್ಥೆ ಎಂಎಸ್ಎಫ್ ಜೊತೆಗಿತ್ತು. ಫಲಿತಾಂಶ 2021ರಲ್ಲಿ ಬಂತು: ಫ್ರಿಜ್‌ನಲ್ಲಿ ಇಟ್ಟಿದ್ದಕ್ಕೂ ಇದಕ್ಕೂ ಹೆಚ್ಚೆಂದರೆ ಶೇ. 1ರಷ್ಟು ವ್ಯತ್ಯಾಸ.

ಗಮನಿಸಿ, 37 ಡಿಗ್ರಿ. ನಮ್ಮಲ್ಲಿ ಮೇ ತಿಂಗಳು 40 ದಾಟುತ್ತೆ. ದೊಡ್ಡಮ್ಮನ ಮಡಕೆ ಬೇಕಾಗೋದು ಆ ಅಂತರಕ್ಕೇನೆ. (ಇದನ್ನ ಕೇಳಿ ನಿಮ್ಮ ಫ್ರಿಜ್ ಖಾಲಿ ಮಾಡಬೇಡಿ, ಡಾಕ್ಟರನ್ನ ಕೇಳಿ.) ಒಣ ಗಾಳಿಗೆ ನೀರು ಬೇಗ ಆರುತ್ತೆ, ಮಡಕೆ ತಣ್ಣಗಾಗುತ್ತೆ.

ಹೋದ ತಿಂಗಳು ದೊಡ್ಡಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಮರಳು ದಿನಾ ಎರಡು ಸರ್ತಿ ತೋಯಿಸ್ಬೇಕು, ಅದನ್ನೂ ಹೇಳು ಅವರಿಗೆ" ಅಂದ್ರು.