ಆತ್ಮಪ್ರತ್ಯಯದ ಕೃಷಿ

ಆಶೆಯೆಂಬುದು ಬೇರೆ, ಆಶಾವಾದವೆಂಬುದು ಬೇರೆ. ಶುಭವು ತಾನಾಗಿಯೇ ಬಂದೀತೆಂದು ಕಾದು ಕುಳಿತಿರುವುದು ಆಶೆ. ಶುಭಕ್ಕೆ ತಕ್ಕ ಕೆಲಸವನ್ನು ಇಂದೇ ಕೈಕೊಂಡು, ಫಲವು ತನ್ನ ಕಾಲಕ್ಕೆ ಬಂದೇ ಬರುವುದೆಂದು ನೆಚ್ಚುವುದು ಆಶಾವಾದ. ಅಹಂಕಾರಕ್ಕೂ ಆತ್ಮಪ್ರತ್ಯಯಕ್ಕೂ ಇಂತಹದೇ ಅಂತರವುಂಟು. 'ಪ್ರತ್ಯಯ' ಶಬ್ದಕ್ಕೆ ಲೋಕವ್ಯವಹಾರದಲ್ಲಿ ನಂಬಿಕೆಯೆಂದು ಅರ್ಥ. ವ್ಯಾಕರಣದಲ್ಲಿಯಾದರೋ ಪ್ರಕೃತಿಗೆ ಹತ್ತಿ ಅದನ್ನು ಪದವನ್ನಾಗಿ ಮಾಡುವಂತಹುದು ಪ್ರತ್ಯಯವೆನಿಸುವುದು. ಪ್ರತ್ಯಯವು ಹತ್ತದ ಪ್ರಕೃತಿಯು ವಾಕ್ಯದಲ್ಲಿ ಪ್ರಯೋಗಕ್ಕೆ ಬಾರದಂತೆ, ತನ್ನಲ್ಲಿ ತನಗೆ ನಂಬಿಕೆಯಿಲ್ಲದವನ ಸಾಮರ್ಥ್ಯವೂ ಪ್ರಯೋಗಕ್ಕೆ ಬಾರದೆ ಉಳಿಯುವುದು. ಈ ಮಾತು ಒಬ್ಬ ಮನುಷ್ಯನಿಗೆ ಹೇಗೋ ಒಂದು ಜನಾಂಗಕ್ಕೂ ಹಾಗೆಯೇ ಸಲ್ಲುವುದು. ಅದಕ್ಕೆ ಧಾರವಾಡ ಸೀಮೆಯ ಚರಿತ್ರೆಗಿಂತ ಸಮೀಪದ ಸಾಕ್ಷಿಯು ಬೇಕಿಲ್ಲ.

೧೮೧೮ರಲ್ಲಿ ಪೇಶವೆಯರ ಆಳಿಕೆಯು ಮುಗಿದ ತರುವಾಯ ಕನ್ನಡನಾಡಿನ ಉತ್ತರಭಾಗದ ಬಹ್ವಂಶವು ಕ್ರಮವಾಗಿ ಮುಂಬಯಿ ಇಲಾಖೆಗೆ ಸೇರಿತು. ಉಳಿದ ನಾಡು ಮೈಸೂರು, ನಿಜಾಮ ಸಂಸ್ಥಾನ, ಮದರಾಸು ಇಲಾಖೆ, ಕೊಡಗು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಮುಂತಾದೆಡೆಗಳಲ್ಲಿ ಹರಿದು ಹಂಚಿಹೋಗಿದ್ದಿತು. ಮುಂಬಯಿ ಕರ್ನಾಟಕದಲ್ಲಿ ಮನೆಯ ಮಾತು ಕನ್ನಡ. ಕಚೇರಿಯ ಮಾತೂ ಬಹುಮಟ್ಟಿಗೆ ಶಾಲೆಯ ಮಾತೂ ಮರಾಠಿ. ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದವು. ಇದರಿಂದಾದ ದೊಡ್ಡ ಹಾನಿಯು ಉದ್ಯೋಗದ್ದಲ್ಲ, ಮನಸ್ಸಿನದು. ಕನ್ನಡವು ಅಡಿಗೆಮನೆಗೂ ಹೊಲಕ್ಕೂ ಸಾಕು, ವಿದ್ಯೆಗೆ ಸಾಲದು ಎಂಬ ಭಾವನೆಯು ಕನ್ನಡಿಗರಲ್ಲಿಯೇ ಬೇರೂರಿತು. ಪರರು ಹೀಗಳೆದರೆ ಉತ್ತರ ಕೊಡಬಹುದು. ತನ್ನನ್ನು ತಾನೇ ಹೀಗಳೆದುಕೊಳ್ಳುವವನಿಗೆ ಉತ್ತರ ಕೊಡುವವರಾರು?

ಈ ರೋಗಕ್ಕೆ ಮೊದಲು ಮದ್ದು ಕಂಡವರು ಶಿಕ್ಷಕರು. ೧೮೬೦ರ ದಶಕದಲ್ಲಿ ವಿದ್ಯಾಖಾತೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ಸಭೆಗಳಲ್ಲಿ ವಾದಿಸುತ್ತ ಕೂಡಲಿಲ್ಲ. ಕನ್ನಡ ಶಾಲೆಗಳನ್ನು ಬೆಳೆಯಿಸಿದರು, ಅವುಗಳಿಗೆ ತಕ್ಕ ಶಿಕ್ಷಕರನ್ನು ಸಿದ್ಧಪಡಿಸಿದರು. ಕನ್ನಡದಲ್ಲಿ ಗಣಿತವನ್ನೂ ಭೂಗೋಳವನ್ನೂ ಕಲಿತ ಹುಡುಗನಿಗೆ 'ಕನ್ನಡವು ಸಾಲದು' ಎಂದು ಹೇಳಿದರೆ ಅವನು ನಂಬುವನೇ? ಅವನ ಪಾಟಿಯ ಮೇಲಿನ ಲೆಕ್ಕವೇ ಆ ಮಾತಿಗೆ ಉತ್ತರವಾಗಿದ್ದಿತು.

ಅದೇ ಕಾಲದಲ್ಲಿ ಮರಾಠಿ ನಾಟಕ ಮಂಡಲಿಗಳು ಈ ಸೀಮೆಯಲ್ಲಿ ಸಂಚರಿಸಿ ಜನರ ಮನಸ್ಸನ್ನು ಸೂರೆಗೊಳ್ಳುತ್ತಿದ್ದವು. ಅದನ್ನು ಕಂಡು ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು (೧೮೫೬–೧೯೨೦), ಮತ್ಸರಪಡಲಿಲ್ಲ. ತಾವೇ ಕನ್ನಡದಲ್ಲಿ ನಾಟಕಗಳನ್ನು ರಚಿಸಿ, ೧೮೭೦ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಲಿಯನ್ನು ಕಟ್ಟಿದರು. ಅವರೂ ಶಾಲೆಯ ಶಿಕ್ಷಕರೇ. ಅಲ್ಪವೇತನದ ಶಿಕ್ಷಕನಿಗೆ ನಾಟಕದ ಗೊಡವೆಯೇಕೆಂದು ಲೋಕವು ಕೇಳಬಹುದಾಗಿತ್ತು. ಲೋಕವು ಕೇಳುವ ಪ್ರಶ್ನೆಗಳಿಗೆಲ್ಲ ಮೊದಲು ಉತ್ತರವನ್ನು ಹುಡುಕಿ ಆಮೇಲೆ ಕೆಲಸಕ್ಕೆ ತೊಡಗುವೆನೆಂಬವನು ಎಂದಿಗೂ ತೊಡಗಲಾರನು.

೧೮೯೦ನೆಯ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಜನ್ಮತಾಳಿತು. ಅದರ ಕೈಯಲ್ಲಿ ರಾಜ್ಯಾಧಿಕಾರವಿರಲಿಲ್ಲ. ಗ್ರಂಥಗಳನ್ನು ಬರೆಯಿಸುವುದು, ಒಳ್ಳೆಯ ಗ್ರಂಥಗಳಿಗೆ ಬಹುಮಾನ ಕೊಡುವುದು, ಪ್ರಕಟಿಸುವುದು, ೧೮೯೬ರಿಂದ 'ವಾಗ್ಭೂಷಣ'ವೆಂಬ ಪತ್ರಿಕೆಯನ್ನು ನಡೆಸುವುದು, ಇವೇ ಅದರ ಶಸ್ತ್ರಗಳಾಗಿದ್ದವು. ಬರೆಯಬಲ್ಲೆನೋ ಇಲ್ಲವೋ ಎಂದು ಸಂದೇಹದಲ್ಲಿದ್ದವನಿಗೆ 'ಬರೆ, ನೋಡೋಣ' ಎಂದು ಹೇಳುವ ಒಂದು ಬಾಗಿಲು ತೆರೆಯಿತು. ಆತ್ಮಪ್ರತ್ಯಯವು ಏಕಾಂತದಲ್ಲಿ ಮೊಳೆಯಬಹುದು; ಬೆಳೆಯುವುದಕ್ಕೆ ಇಂತಹ ನೆರವು ಬೇಕು.

ಈ ಸಾಧನೆಯು ನಿತ್ಯಜೀವನದಲ್ಲಿ ಹೇಗೆ ಮೈಗೂಡುವುದೆಂಬುದಕ್ಕೆ ಗಳಗನಾಥರ ಚರಿತ್ರವು ಉಜ್ವಲ ದೃಷ್ಟಾಂತವಾಗಿದೆ. ವರದಾ ತುಂಗಭದ್ರೆಗಳ ಸಂಗಮದಲ್ಲಿರುವ ಗಳಗನಾಥ ಗ್ರಾಮದಲ್ಲಿ ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರೇ ಈ ಗಳಗನಾಥರು. ಇವರೂ ಶಿಕ್ಷಕವೃತ್ತಿಯವರು. ೧೯೦೭ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯ ಮೂಲಕ ಇವರ ಬರಹವು ಹಳ್ಳಿಯ ಮನೆಮನೆಗಳನ್ನು ಹೊಕ್ಕಿತು. ಮರಾಠಿಯ ಪ್ರಸಿದ್ಧ ಕಾದಂಬರಿಕಾರ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಥೆಗಳನ್ನು ಅವರು ಕನ್ನಡಕ್ಕೆ ತಂದರು. ಯಾವ ಭಾಷೆಯ ಪ್ರಾಬಲ್ಯದಿಂದ ಕನ್ನಡವು ಕುಗ್ಗಿದ್ದಿತೋ ಆ ಭಾಷೆಯಿಂದಲೇ ಅದಕ್ಕೆ ಪುಷ್ಟಿಯನ್ನು ತಂದುಕೊಂಡುದು ಗಮನಾರ್ಹವಾದುದು. ತನ್ನಲ್ಲಿ ನಂಬಿಕೆಯುಳ್ಳವನು ಇತರರಿಂದ ಕಲಿಯಲು ನಾಚುವುದಿಲ್ಲ. ನಂಬಿಕೆಯಿಲ್ಲದವನೇ ದ್ವೇಷವನ್ನು ಆಶ್ರಯಿಸುವನು. ಹೀಗೆ ಅನುವಾದದಿಂದ ಕೈ ಪಳಗಿದ ಬಳಿಕ ಅವರು ವಿಜಯನಗರದ ಸ್ಥಾಪನೆಯನ್ನು ವಸ್ತುವಾಗುಳ್ಳ 'ಮಾಧವ ಕರುಣಾ ವಿಲಾಸ'ವೆಂಬ ಸ್ವತಂತ್ರ ಕಾದಂಬರಿಯನ್ನು ೧೯೨೩ರಲ್ಲಿ ಬೆಳಕಿಗೆ ತಂದರು.

ಬರೆದರಾಯಿತೇ? ಓದುವವರು ಬೇಕಷ್ಟೆ. ಓದುಗರು ತಮ್ಮಲ್ಲಿಗೆ ಬಾರದಿದ್ದರೆ ತಾವೇ ಓದುಗರಲ್ಲಿಗೆ ಹೋಗಬೇಕೆಂದು ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರಿಂದೂರಿಗೆ ಅಲೆದು ಮಾರಿದರು. ಗ್ರಂಥಕರ್ತನು ತನ್ನ ಗ್ರಂಥಕ್ಕೆ ತಾನೇ ಹಮಾಲನಾದುದನ್ನು ಕೆಲವರು ದೈನ್ಯವೆಂದಾರು. ಅದು ದೈನ್ಯವಲ್ಲ. 'ಕನ್ನಡಿಗರು ಓದುವುದಿಲ್ಲ' ಎಂಬ ನಿರಾಶಾವಾದಕ್ಕೆ ಅವರು ಕಾಲ್ನಡೆಯಿಂದ ಕೊಟ್ಟ ಉತ್ತರವದು. ಒಂದು ಮನೆಯಲ್ಲಿ ಪುಸ್ತಕವು ಖರ್ಚಾಗದಿದ್ದರೆ ಮುಂದಿನ ಮನೆಯ ಬಾಗಿಲಿಗೆ ಹೋಗುವ ಧೈರ್ಯ ಯಾವುದುಂಟೋ ಅದನ್ನೇ ಆತ್ಮಪ್ರತ್ಯಯವೆನ್ನತಕ್ಕುದು.

ಇತ್ತ ಪ್ರಾಚೀನ ಚರಿತ್ರೆಯ ಸಂಶೋಧನವೂ ಸಾಗಿದ್ದಿತು. ೧೮೮೨ರಲ್ಲಿ ಫ್ಲೀಟ್ ಮಹಾಶಯರು ಕನ್ನಡ ಸೀಮೆಯ ರಾಜವಂಶಗಳ ವೃತ್ತಾಂತವನ್ನು ಹೊರಗೆಡಹಿದರು, ೧೮೯೮ರಲ್ಲಿ ಕೆ. ಬಿ. ಪಾಠಕರು 'ಕವಿರಾಜಮಾರ್ಗ'ವನ್ನು ಸಂಪಾದಿಸಿದರು. ಪಂಡಿತರ ಪೆಟ್ಟಿಗೆಯಲ್ಲಿದ್ದ ಈ ಧನವನ್ನು ಜನಸಾಮಾನ್ಯರಿಗೆ ಹಂಚಿದವರು ಆಲೂರು ವೆಂಕಟರಾಯರು. ೧೯೦೫ರಲ್ಲಿ ಅವರು ಆನೆಗೊಂದಿ, ಹಂಪೆಗಳನ್ನು ಕಂಡಾಗ ಆ ಹಾಳುಗಳು ಅವರ ಜೀವನದ ದಿಕ್ಕನ್ನೇ ತಿರುಗಿಸಿದವು. ೧೯೧೭ರಲ್ಲಿ ಅವರ 'ಕರ್ನಾಟಕ ಗತವೈಭವ'ವು ಪ್ರಕಟವಾಯಿತು. ತಾನು ಚಾಲುಕ್ಯರ, ರಾಷ್ಟ್ರಕೂಟರ ನಾಡಿನವನೆಂದು ತರುಣನು ತಲೆಯೆತ್ತಲು ಅದು ನೆರವಾಯಿತು.

ಆದರೆ ಇಲ್ಲಿ ಒಂದು ಎಚ್ಚರವು ಅವಶ್ಯಕ. ಗತವೈಭವದ ಸ್ಮರಣೆಯು ಔಷಧ, ಆಹಾರವಲ್ಲ. ಅಜ್ಜನ ಆಸ್ತಿಯನ್ನು ಎಣಿಸುತ್ತ ಕುಳಿತ ಮೊಮ್ಮಗನ ಗೋಣಿಯು ತುಂಬುವುದಿಲ್ಲ. ಅರಸರ ವಿಜಯಗಳ ನಡುವೆ ಒಕ್ಕಲಿಗನ, ನೇಕಾರನ, ಗೃಹಿಣಿಯ ಬಾಳು ಮರೆಯಾಗುವ ಭಯವೂ ಉಂಟು. ಅಭಿಮಾನವು ಸತ್ಯವನ್ನು ಮೀರಿ ಉತ್ಪ್ರೇಕ್ಷೆಗೆ ಇಳಿಯುವ ಭಯವೂ ಉಂಟು. ಸುಳ್ಳಿನ ಮೇಲೆ ಕಟ್ಟಿದ ಆತ್ಮಪ್ರತ್ಯಯವು ಮೊದಲ ಮಳೆಗೇ ಕುಸಿಯುವುದು. ಆಲೂರರ ಹಿರಿಮೆಯಾದರೋ ಅವರು ಸ್ಮರಣೆಯಲ್ಲಿಯೇ ನಿಲ್ಲದುದರಲ್ಲಿದೆ. ೧೯೨೨ರಲ್ಲಿ 'ಜಯಕರ್ನಾಟಕ'ವನ್ನು ಹೊರಡಿಸಿದರು. ಏಕೀಕರಣದ ಕಾರ್ಯಕ್ಕೆ ವಕೀಲಿಯನ್ನೂ ಸ್ವಂತ ಸುಖವನ್ನೂ ಸವೆಯಿಸಿದರು.

೧೯೫೬ನೆಯ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ವಿದ್ಯಾವರ್ಧಕ ಸಂಘವು ಹುಟ್ಟಿ ಅಂದಿಗೆ ೬೬ ವರ್ಷಗಳು ಸಂದಿದ್ದವು. ಚನ್ನಬಸಪ್ಪನವರು ಆ ದಿನವನ್ನು ಕಾಣಲಿಲ್ಲ. ಶಾಂತಕವಿಗಳು ೧೯೨೦ರಲ್ಲಿ, ದೇಶಪಾಂಡೆಯವರು ೧೯೩೧ರಲ್ಲಿ, ಗಳಗನಾಥರು ೧೯೪೨ರಲ್ಲಿ ತೀರಿಕೊಂಡಿದ್ದರು. ಆಲೂರರೊಬ್ಬರು ಅದನ್ನು ಕಣ್ಣಾರೆ ಕಂಡು ೧೯೬೪ರಲ್ಲಿ ಕಾಲವಶರಾದರು. ರಾಜ್ಯಕ್ಕೆ 'ಕರ್ನಾಟಕ'ವೆಂಬ ಹೆಸರು ಬಂದುದು ೧೯೭೩ರಲ್ಲಿ. ಅದು ಅವರಿಗೂ ದಕ್ಕಲಿಲ್ಲ. ಫಲವನ್ನು ಕಾಣದೆ ಹೋದವರ ಆಶಾವಾದವು ವ್ಯರ್ಥವಾಯಿತೇ? ಮಾವಿನ ಸಸಿಯನ್ನು ನೆಟ್ಟ ಮುದುಕನು ಹಣ್ಣನ್ನು ತಿನ್ನದಿದ್ದರೆ ಸಸಿಯು ಸುಳ್ಳಾಗುವುದೇ?

ಇವರಲ್ಲಿ ಯಾರೂ ಮೊದಲು ತುಂಬು ಧೈರ್ಯವನ್ನು ಸಂಪಾದಿಸಿಕೊಂಡು ಆಮೇಲೆ ಕೆಲಸಕ್ಕೆ ಇಳಿದವರಲ್ಲ. ಒಂದು ಪಾಠ, ಒಂದು ನಾಟಕ, ಒಂದು ಸಂಚಿಕೆ, ಒಂದು ಗಂಟು ಪುಸ್ತಕ, ಹೀಗೆ ಮಾಡಿದ ಕೆಲಸವೇ ಮುಂದಿನ ಕೆಲಸಕ್ಕೆ ಧೈರ್ಯವನ್ನು ಒದಗಿಸಿತು. ಗೃಹಸ್ಥರು ಮಕ್ಕಳಿಗೆ ಕಲಿಸಬೇಕಾದುದೂ ಇದನ್ನೇ. 'ನೀನು ಜಾಣ' ಎಂದು ನೂರು ಸಲ ಹೇಳುವುದಕ್ಕಿಂತ ಮಗುವಿನ ಕೈಯಿಂದ ಒಂದು ಕೆಲಸವನ್ನು ಪೂರ್ತಿಯಾಗಿ ಮಾಡಿಸುವುದು ಮೇಲು. ಸೋತ ದಿನದ ಸಂಜೆ ನಾಳಿನ ಕೆಲಸವನ್ನು ಗೊತ್ತುಮಾಡಿ ಮಲಗುವ ಅಭ್ಯಾಸವಿದ್ದರೆ ನಿರಾಶೆಗೆ ಆ ಮನೆಯಲ್ಲಿ ಬಹುಕಾಲ ಎಡೆ ದೊರೆಯದು. ಬಿತ್ತುವವನಿಗೆ ಮಳೆಯು ಅಧೀನವಲ್ಲ, ಉಳುಮೆಯು ಅಧೀನ. ಅಧೀನವಾದುದನ್ನು ದಿನದಿನವೂ ನೆರವೇರಿಸುವವನಲ್ಲಿ ಆತ್ಮಪ್ರತ್ಯಯವು ಕರೆಯದೆಯೇ ಬಂದು ನೆಲಸುವುದು.