ಕೈಪಿಡಿ ಮೊದಲು, ಯಂತ್ರ ಅನಂತರ: 1984ರ ಒಲಿಂಪಿಕ್ ಸಂದೇಶ ವ್ಯವಸ್ಥೆ

ಕಂಪ್ಯೂಟರುಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರದ ವೇಗವನ್ನೂ ಅದರ ಸ್ಮರಣಶಕ್ತಿಯ ವಿಸ್ತಾರವನ್ನೂ ಅಳೆದು ತೃಪ್ತರಾಗಿದ್ದಾರೆ. ಆ ಯಂತ್ರದ ಮುಂದೆ ನಿಂತ ಮನುಷ್ಯನ ಕೈಗೆ ಸೇರಿದ ಕೈಪಿಡಿಯ ಚರಿತ್ರೆಗೆ ಅಷ್ಟು ಗಮನ ಸಂದಿಲ್ಲ. ಕೈಪಿಡಿಯನ್ನು ತಂತ್ರಾಂಶ ಸಿದ್ಧವಾಗುವುದಕ್ಕೆ ಮೊದಲೇ ಬರೆದರೋ, ಎಲ್ಲ ಮುಗಿದ ಮೇಲೆ ಬರೆದರೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಗೌಣವೆಂದು ತೋರುತ್ತದೆ. ಆದರೆ ಬಳಕೆದಾರನಿಗೂ ಯಂತ್ರಕ್ಕೂ ನಡುವಣ ಮುಖ, ಎಂದರೆ ಇಂಟರ್‌ಫೇಸು, ಎಂಥದಾಗುವುದೆಂಬುದು ಅನೇಕ ವೇಳೆ ಈ ಪೂರ್ವಾಪರದ ಮೇಲೆಯೇ ನಿಂತಿರುತ್ತದೆ. ಇದಕ್ಕೆ ಸ್ಪಷ್ಟವಾದ ನಿದರ್ಶನವೆಂದರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡೆಗಳಿಗಾಗಿ ಐ.ಬಿ.ಎಂ. ಸಂಸ್ಥೆಯ ಸಂಶೋಧಕರು ರಚಿಸಿದ ಸಂದೇಶ ವ್ಯವಸ್ಥೆ.

ಕೈಪಿಡಿಗೆ ಅಗ್ರಸ್ಥಾನ ಕೊಡಬೇಕೆಂಬ ವಿಚಾರ ಅದಕ್ಕೂ ಹಳೆಯದು. 1964ರ ಏಪ್ರಿಲಿನಲ್ಲಿ ಪ್ರಕಟವಾದ ಸಿಸ್ಟಂ/360 ಯಂತ್ರಸಮೂಹದ ಹೊಣೆ ಹೊತ್ತಿದ್ದ ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲಿ ಹೊರತಂದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಗ್ರಂಥದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾರೆ. ಬಳಕೆದಾರನ ಕಣ್ಣಿಗೆ ಬೀಳುವುದೆಲ್ಲವನ್ನೂ ಕೈಪಿಡಿ ವಿವರಿಸಬೇಕು, ಆತನಿಗೆ ಕಾಣದುದನ್ನು ವಿವರಿಸಹೊರಟು ಯಂತ್ರ ಕಟ್ಟುವವರ ಕೈಗಳನ್ನು ಕಟ್ಟಿಹಾಕಬಾರದು ಎಂಬುದು ಅವರ ಮತ. ಆದರೆ ರೂಢಿಯ ದಾರಿಯೇ ಬೇರೆ. ಗ್ರಾಹಕನಿಂದ ಬೇಡಿಕೆಗಳ ಪಟ್ಟಿಯೊಂದನ್ನು ಪಡೆಯುವುದು, ಅದರಂತೆ ತಂತ್ರಾಂಶ ರಚಿಸುವುದು, ಕೊನೆಯ ವಾರಗಳಲ್ಲಿ ಯಾರಾದರೊಬ್ಬ ಬರೆಹಗಾರನನ್ನು ಕರೆದು ಬಳಸುವ ಕ್ರಮವನ್ನು ಬರೆಸುವುದು, ಹೀಗೆ ಕೆಲಸ ಸಾಗುತ್ತಿದ್ದಿತು. ಬರೆಯಕುಳಿತವನಿಗೆ ತೊಡಕು ಕಂಡರೂ ಅದನ್ನು ತಿದ್ದುವ ಕಾಲ ಮೀರಿರುತ್ತದೆ. ಆದುದರಿಂದ ಆತ ತೊಡಕನ್ನು ದಾಟುವ ಉಪಾಯವನ್ನಷ್ಟೇ ಬರೆಯುತ್ತಾನೆ. ದಪ್ಪನೆಯ ಕೈಪಿಡಿಗಳು ಹುಟ್ಟುವುದು ಹೀಗೆ. ಈ ರೂಢಿ ಇಂದಿಗೂ ಅಳಿದಿದೆಯೆಂದು ಹೇಳುವ ಧೈರ್ಯ ಯಾರಿಗೂ ಬಾರದು.

ಐ.ಬಿ.ಎಂ.ನ ವಾಟ್ಸನ್ ಸಂಶೋಧನಾಲಯದಲ್ಲಿದ್ದ ಜಾನ್ ಗೌಲ್ಡ್ ಅವರ ಆಸಕ್ತಿ ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ಬಳಸುವವರ ಕಡೆಗೆ ಇದ್ದಿತು. 1983ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಒಂದು ಪ್ರಯೋಗ ವಿನೋದಮಯವೂ ಅರ್ಥಪೂರ್ಣವೂ ಆಗಿದೆ. ಮಾತನ್ನು ಕೇಳಿ ತಾನೇ ಬರೆದುಕೊಳ್ಳುವ ಬೆರಳಚ್ಚು ಯಂತ್ರ ಆಗಿನ್ನೂ ಇರಲಿಲ್ಲ. ಅಂಥ ಯಂತ್ರ ಇದ್ದರೆ ಜನ ಅದನ್ನು ಹೇಗೆ ಬಳಸಿಯಾರೆಂದು ತಿಳಿಯಲು ಅವರು ಬೇರೊಂದು ಕೊಠಡಿಯಲ್ಲಿ ಬೆರಳಚ್ಚುಗಾರರನ್ನು ಕೂರಿಸಿದರು. ಈಚೆ ಕುಳಿತವರು ಹೇಳಿದ ಪತ್ರ ಪರದೆಯ ಮೇಲೆ ಮೂಡುತ್ತಿದ್ದಿತು. ಯಂತ್ರವನ್ನು ನಿರ್ಮಿಸದೆಯೇ ಅದರ ಮುಖವನ್ನು ಪರೀಕ್ಷಿಸಬಹುದೆಂಬುದು ಹೀಗೆ ಸಿದ್ಧವಾಯಿತು. 1985ರ ಮಾರ್ಚಿಯಲ್ಲಿ ಕ್ಲೇಟನ್ ಲೂಯಿಸ್ ಅವರೊಡನೆ ಬರೆದ ಪ್ರಬಂಧದಲ್ಲಿ ಗೌಲ್ಡ್ ಮೂರು ಸೂತ್ರಗಳನ್ನು ಮುಂದಿಟ್ಟರು: ಬಳಕೆದಾರರನ್ನು ಆರಂಭದಿಂದಲೇ ಅರಿಯುವುದು, ಅವರ ಬಳಕೆಯನ್ನು ಪ್ರತ್ಯಕ್ಷವಾಗಿ ಅಳೆಯುವುದು, ಮತ್ತೆ ಮತ್ತೆ ತಿದ್ದುವುದು. ಇವು ಎಲ್ಲರೂ ಬಲ್ಲ ಮಾತುಗಳಲ್ಲವೇ ಎಂಬ ಆಕ್ಷೇಪಕ್ಕೆ ಅವರ ಬಳಿ ಉತ್ತರವಿದ್ದಿತು. ಉದ್ಯಮದಲ್ಲಿದ್ದ 447 ಮಂದಿಯನ್ನು, ತಂತ್ರಾಂಶ ರಚನೆಯ ಮುಖ್ಯ ಹಂತಗಳನ್ನು ಬರೆದುಕೊಡಿರೆಂದು ಅವರು ಕೇಳಿದ್ದರು. ಮೂರನ್ನೂ ಹೆಸರಿಸಿದವರು ಅಲ್ಪಸಂಖ್ಯಾತರು.

ಈ ಸೂತ್ರಗಳಿಗೆ ನಿಜವಾದ ಒರೆಗಲ್ಲಾಗಿ ಒದಗಿದುದೇ ಒಲಿಂಪಿಕ್ ಸಂದೇಶ ವ್ಯವಸ್ಥೆ. 140 ದೇಶಗಳ ಸುಮಾರು 6,800 ಸ್ಪರ್ಧಿಗಳು ಲಾಸ್ ಏಂಜಲೀಸಿಗೆ ಬರುವವರಿದ್ದರು. ಅವರು ತಮ್ಮ ತಮ್ಮೊಳಗೆ ಧ್ವನಿಸಂದೇಶಗಳನ್ನು ಕಳುಹಿಸಿಕೊಳ್ಳಬೇಕು, ಮನೆಯವರು ದೂರದೇಶದಿಂದ ಹೇಳಿದ ಮಾತನ್ನು ಬಿಡುವಾದಾಗ ಕೇಳಬೇಕು ಎಂಬುದು ಉದ್ದೇಶ. ಬಳಸುವವರಲ್ಲಿ ಅನೇಕರು ಕಂಪ್ಯೂಟರನ್ನು ಮುಟ್ಟಿದವರಲ್ಲ, ಇಂಗ್ಲಿಷನ್ನು ಅರಿತವರಲ್ಲ. ಯಾರಿಗೂ ತರಬೇತಿ ಕೊಡುವಷ್ಟು ಸಮಯವಿರಲಿಲ್ಲ. ಜುಲೈ 28ರಂದು ಕ್ರೀಡೆಗಳು ಆರಂಭವಾಗಲೇಬೇಕು, ದಿನಾಂಕವನ್ನು ಮುಂದೂಡುವಂತಿರಲಿಲ್ಲ. ಓಟಕ್ಕೆ ಮುಂಚಿನ ರಾತ್ರಿ ತಂದೆಯ ಧ್ವನಿಯನ್ನು ಕೇಳಲೆಂದು ಬಂದ ತರುಣನೊಬ್ಬ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಹಿಂದಿರುಗಿದರೆ ಆ ಅವಕಾಶ ಮತ್ತೆ ಬಾರದು.

ರಚನಾಕಾರರು ಮೊದಲು ಮಾಡಿದ ಕೆಲಸ ಕಾಗದದ ಮೇಲಿನದು. ಯಂತ್ರ ಏನು ಹೇಳುತ್ತದೆ, ಬಳಸುವವನು ಏನು ಮಾಡುತ್ತಾನೆ, ಅದಕ್ಕೆ ಯಂತ್ರದ ಉತ್ತರವೇನು ಎಂಬುದನ್ನು ಅವರು ನಾಟಕದ ಸಂಭಾಷಣೆಯ ಹಾಗೆ ಬರೆದು ಜನಕ್ಕೆ ತೋರಿಸಿದರು. ದೇಶದ ಮೂರಕ್ಷರದ ಸಂಕೇತ, ಕುಟುಂಬನಾಮ, ಗುಪ್ತಸಂಖ್ಯೆ, ಇವಿಷ್ಟನ್ನು ಒತ್ತಿದರೆ ಸಂದೇಶ ಕೇಳಿಬರುವುದು. ಒಡನೆಯೇ ಬಳಕೆಯ ಕೈಪಿಡಿಯನ್ನೂ ಬರೆದರು. ತಂತ್ರಾಂಶ ಆಗಿನ್ನೂ ರೂಪುಗೊಳ್ಳುತ್ತಿದ್ದಿತು. ಬಂದವರಿಗೆ ಒಂದು ಕಾಫಿ, ಒಂದು ಡೋನಟ್ ಕೊಟ್ಟು, ಕೈಪಿಡಿಯನ್ನು ಕೈಯಲ್ಲಿಟ್ಟು, ಸಂದೇಶ ಕಳುಹಿಸಿರೆಂದು ಹೇಳಿ ಪಕ್ಕದಲ್ಲಿ ನಿಂತು ನೋಡಿದರು. ತಡವರಿಸಿದ ಜಾಗದಲ್ಲಿ ಕೈಪಿಡಿಯ ವಾಕ್ಯ ಬದಲಾಗುತ್ತಿದ್ದಿತು. ವಾಕ್ಯ ಎಷ್ಟು ಬದಲಾದರೂ ಸರಿಹೋಗದಿದ್ದರೆ ಯಂತ್ರದ ನಡೆಯೇ ಬದಲಾಗುತ್ತಿದ್ದಿತು. ಈ ಎರಡನೆಯದು ಸಾಧ್ಯವಾದುದು ಕೈಪಿಡಿ ಮೊದಲೇ ಹುಟ್ಟಿದ್ದರಿಂದ. ಹಿಂದೆ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದ ಒಬ್ಬರನ್ನು ತಂಡಕ್ಕೆ ಸೇರಿಸಿಕೊಂಡುದು, ಕ್ರೀಡಾಗ್ರಾಮದ ಜಾಗಗಳನ್ನು ಸುತ್ತಿ ನೋಡಿದುದು, ಸಂಶೋಧನಾಲಯದ ಹಜಾರದಲ್ಲಿ ಕಿಯೋಸ್ಕಿನ ಮಾದರಿಯನ್ನಿಟ್ಟು ಹೋಗಿಬರುವವರ ಟೀಕೆಗಳನ್ನು ಕೇಳಿದುದು, ವಿದ್ಯಾರ್ಥಿಗಳನ್ನು ಕರೆದು ಸಾಧ್ಯವಾದರೆ ವ್ಯವಸ್ಥೆಯನ್ನು ಕೆಡಿಸಿರೆಂದು ಪಂಥಾಹ್ವಾನ ಕೊಟ್ಟುದು, ಇವೆಲ್ಲ ಅದೇ ಕ್ರಮದ ಮುಂದುವರಿಕೆ. ಗುಂಡಿ ಒತ್ತುವ ಟೆಲಿಫೋನು ಆಗ ಲೋಕದ ಬಹುಭಾಗದಲ್ಲಿ ಇರಲಿಲ್ಲವಾದುದರಿಂದ, ಊರಿನಿಂದ ಕರೆಮಾಡುವ ಬಂಧುಗಳಿಗೆ ಆಯಾ ದೇಶದ ಒಲಿಂಪಿಕ್ ಸಮಿತಿಯ ಸಿಬ್ಬಂದಿಯೇ ನೆರವಾಗುವ ಏರ್ಪಾಡೂ ಆಯಿತು.

ಕ್ರೀಡಾಗ್ರಾಮಗಳು ತೆರೆದಿದ್ದ ನಾಲ್ಕು ವಾರಗಳ ಕಾಲ ವ್ಯವಸ್ಥೆ ಹಗಲಿರುಳೂ 12 ಭಾಷೆಗಳಲ್ಲಿ ನಡೆಯಿತು. 40,000ಕ್ಕೂ ಹೆಚ್ಚು ಬಾರಿ ಅದರ ಬಳಕೆಯಾಯಿತು. ಸ್ಪರ್ಧಿಗಳಲ್ಲಿ ನೂರಕ್ಕೆ ನಲವತ್ತು ಮಂದಿ ಒಮ್ಮೆಯಾದರೂ ಅದನ್ನು ಬಳಸಿದರು. ಗೌಲ್ಡ್, ಬೋಯ್ಸ್, ಲೆವಿ, ರಿಚರ್ಡ್ಸ್, ಸ್ಕೂನಾರ್ಡ್ ಈ ಐವರು 1987ರ ಸೆಪ್ಟೆಂಬರಿನಲ್ಲಿ ಇದರ ವೃತ್ತಾಂತವನ್ನು ಪ್ರಕಟಿಸಿದಾಗ, ಹಿಂದಿನ ಮೂರು ಸೂತ್ರಗಳಿಗೆ ನಾಲ್ಕನೆಯದೊಂದು ಸೇರಿದ್ದಿತು: ತಂತ್ರಾಂಶ, ಕೈಪಿಡಿ, ಸಹಾಯ, ಇವೆಲ್ಲ ಒಂದೇ ಹೊಣೆಯ ಕೆಳಗೆ ಜೊತೆಜೊತೆಯಾಗಿ ಬೆಳೆಯಬೇಕು.

ಈ ನಾಲ್ಕನೆಯ ಸೂತ್ರವನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿತ್ತು. ಅನಂತರದ ದಶಕದಲ್ಲಿ ಪರದೆಯ ಮೇಲಿನ ಮಾತುಗಳೂ ಕನ್ನಡವಾಗತೊಡಗಿದವು. ಆದರೆ ಅನುವಾದಕರ ಕೈಗೆ ಸಾಮಾನ್ಯವಾಗಿ ಬರುವುದು ಇಂಗ್ಲಿಷ್ ಪದಗಳ ಪಟ್ಟಿ, ಪರದೆಯಲ್ಲ, ಸಂಭಾಷಣೆಯಲ್ಲ. ಆದುದರಿಂದಲೇ ಒಂದೇ ಗುಂಡಿಯ ಮೇಲೆ ಒಂದು ತಂತ್ರಾಂಶದಲ್ಲಿ ‘ಉಳಿಸು’ ಎಂದೂ ಇನ್ನೊಂದರಲ್ಲಿ ‘ಉಳಿಸಿ’ ಎಂದೂ ಕಾಣುತ್ತದೆ. ಇಂಗ್ಲಿಷಿನ ಆಜ್ಞಾರೂಪಕ್ಕೆ ಈ ಭೇದವಿಲ್ಲ. ಕನ್ನಡದಲ್ಲಾದರೋ ಮಾತನಾಡುವವರು ಯಾರೆಂಬುದು ನಿಶ್ಚಯವಾಗದೆ ಕ್ರಿಯಾಪದ ಹೊರಡುವುದೇ ಇಲ್ಲ. ಮನುಷ್ಯ ಯಂತ್ರಕ್ಕೆ ಅಪ್ಪಣೆ ಕೊಡುತ್ತಿದ್ದರೆ ‘ಉಳಿಸು’ ಸಾಧು. ಯಂತ್ರ ಮನುಷ್ಯನನ್ನು ಕೇಳಿಕೊಳ್ಳುತ್ತಿದ್ದರೆ ‘ಒತ್ತಿರಿ’, ‘ಕಾಯಿರಿ’ ಎಂಬ ಮರ್ಯಾದೆಯ ರೂಪ ಬೇಕು. ಸಂಭಾಷಣೆಯನ್ನು ಮೊದಲು ಬರೆದಿದ್ದರೆ ಈ ಗೊಂದಲ ಮೊದಲ ಪುಟದಲ್ಲಿಯೇ ಬಗೆಹರಿಯುತ್ತಿತ್ತು.

ವಿಭಕ್ತಿಯ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಇಂಗ್ಲಿಷ್ ವಾಕ್ಯದ ನಡುವೆ ಖಾಲಿಜಾಗ ಬಿಟ್ಟು ಅಲ್ಲಿ ಕಡತದ ಹೆಸರನ್ನು ಕೂರಿಸಿದರೆ ವಾಕ್ಯ ಕೆಡುವುದಿಲ್ಲ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟಿಕೊಳ್ಳಬೇಕು: ‘ವರದಿಯನ್ನು’, ‘ಲೆಕ್ಕವನ್ನು’, ‘ಹಾಡನ್ನು’. ಯಾವ ಹೆಸರು ಬರುವುದೆಂದು ಮುಂಚೆ ತಿಳಿಯದ ಅನುವಾದಕ ಬೇರೆ ದಾರಿ ಕಾಣದೆ ‘ವರದಿ ಅನ್ನು ಅಳಿಸಬೇಕೆ?’ ಎಂದು ಪ್ರತ್ಯಯವನ್ನು ಬಿಡಿಯಾಗಿ ನಿಲ್ಲಿಸುತ್ತಾನೆ. ಈ ಅನಾಥ ‘ಅನ್ನು’ ಈಗ ಪರದೆಯಿಂದಿಳಿದು ಪ್ರಕಟಣೆಗಳಿಗೂ ಜಾಹೀರಾತುಗಳಿಗೂ ಬಂದಿದೆ. ವ್ಯಾಕರಣ ಬಲ್ಲವರು ಸಿಡಿಮಿಡಿಗೊಳ್ಳುವುದು ಸಹಜವೇ. ಆದರೆ ತಪ್ಪನ್ನೆಲ್ಲ ಅನುವಾದಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ವಾಕ್ಯದ ಅಚ್ಚು ಅವನ ಕೈಸೇರುವ ವೇಳೆಗೆ ಒಣಗಿ ಗಟ್ಟಿಯಾಗಿರುತ್ತದೆ. ‘ವರದಿ ಎಂಬ ಕಡತವನ್ನು ಅಳಿಸಬೇಕೆ?’ ಎಂದು ಬರೆದರೆ ಯಾವ ಹೆಸರು ಬಂದರೂ ಪ್ರತ್ಯಯ ‘ಕಡತ’ಕ್ಕೇ ಅಂಟುತ್ತದೆ, ವಾಕ್ಯವೂ ನಿಲ್ಲುತ್ತದೆ. ಅದಕ್ಕೆ ಬೇಕಾದುದು ಪರದೆಯ ಮೇಲೆ ಎರಡು ಪದಗಳ ಹೆಚ್ಚಿನ ಜಾಗ. ಆ ಜಾಗವನ್ನು ಕೇಳಬೇಕಾದುದು ಪರದೆಯ ನಕ್ಷೆ ಇನ್ನೂ ಕಾಗದದ ಮೇಲಿರುವಾಗ.